ಬುಲ್ಲಾಗಾಂಗ್ ಸ್ಟೇಷನ್ನಿನ ಇಪ್ಪತ್ತೆರಡು ಮರಗಳು

ಚರ್ಚಿನ ಹಿಂದಿನ ಹಾಲ್‌ನಲ್ಲಿ ಆರು ಮಂದಿ ಮುದುಕರು ರೈಲಾಟ ಆಡುತ್ತಿದ್ದರು, ಒಬ್ಬನ ಮುಖದಲ್ಲೂ ನಗು ಇರಲಿಲ್ಲ. ಕೊರಳಿಗೆ ಟೈ, ಕೈಯಲ್ಲಿ ವೇಳಾಪಟ್ಟಿ. ಅಂಗೈಯಷ್ಟು ಉದ್ದದ ಇಂಜಿನ್ನು ಎರಡು ನಿಮಿಷ ತಡವಾಗಿ ಬಂತೆಂದು ಒಬ್ಬ ಇನ್ನೊಬ್ಬನ ಕ್ಷಮೆ ಕೇಳಿದ. ಬೆಳಗಾವಿ ಸ್ಟೇಷನ್ನಿನಲ್ಲಿ ನಿಜವಾದ ಗಾಡಿ ನಾಲ್ಕು ತಾಸು ತಡವಾದಾಗಲೂ ಯಾರೂ ಯಾರ ಕ್ಷಮೆ ಕೇಳಿದ್ದನ್ನು ನಾನು ಕಂಡವನಲ್ಲ. ಬಾಗಿಲಲ್ಲಿ ನಿಂತು, ಇವರಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲವೇ ಅಂದುಕೊಂಡೆ. ಆಮೇಲೆ ತಿಳಿಯಿತು, ಬಹಳ ಮಂದಿಗೆ ಇರಲಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಲಂಡನ್ನಿನ ದಕ್ಷಿಣದ ಅಂಚಿನ ಕ್ರೋಯ್ಡನ್ನಿಗೆ ಬಂದು ನನಗೆ ಎಂಟು ತಿಂಗಳಾಗಿತ್ತು. ಹೆಂಡತಿ ಸುಮಂಗಲಾ ನರ್ಸು, ಕೆಲಸ ಸಿಕ್ಕದ್ದು ಅವಳಿಗೆ. ಬೆಳಗಾವಿಯ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷ ಡ್ರಾಯಿಂಗ್ ಮಾಸ್ತರನಾಗಿದ್ದ ನಾನು ಮಗಳು ವಿದ್ಯಾಳ ಕೈಹಿಡಿದು ಹಿಂದಿನಿಂದ ಬಂದೆ. ನನ್ನ ಸರ್ಟಿಫಿಕೇಟುಗಳನ್ನು ಇಲ್ಲಿಯವರು ಪರರ ಮನೆಯ ಲಗ್ನಪತ್ರಿಕೆ ನೋಡಿದ ಹಾಗೆ ನೋಡಿ, ಬಹಳ ಚೆನ್ನಾಗಿವೆ ಎಂದು ವಾಪಸು ಕೊಟ್ಟರು. ಕಡೆಗೆ ಒಂದು ಬಣ್ಣದ ಅಂಗಡಿಯಲ್ಲಿ ಡಬ್ಬಿ ಕಲಕುವ ಯಂತ್ರದ ಮುಂದೆ ನಿಂತೆ. ಬಸವಣ್ಣೆಪ್ಪ ಎಂಬ ಹೆಸರು ಎದೆಯ ಬಿಲ್ಲೆಯಲ್ಲಿ ಹಿಡಿಸುವುದಿಲ್ಲವೆಂದು ಮ್ಯಾನೇಜರು 'ಬ್ಯಾರಿ' ಅಂತ ಬರೆಸಿ ಕೊಟ್ಟ. ನಲವತ್ತರ ಹೊಸ್ತಿಲಲ್ಲಿ ನನಗೆ ಎರಡನೆಯ ನಾಮಕರಣವಾಯಿತು. ತೊಟ್ಟಿಲೂ ಇಲ್ಲ, ಗುಗ್ಗರಿಯೂ ಇಲ್ಲ.

ಮನೆಯೆಂದರೆ ಎರಡು ಖೋಲಿಯ ಫ್ಲಾಟು. ಗೋಡೆಯ ಮೂಲೆಗೆ ಕರಿ ಬೂಷ್ಟು. ಮನೆ ಮಾಲೀಕನಿಗೆ ತೋರಿಸಿದರೆ, ನೀವು ಅಡುಗೆ ಜಾಸ್ತಿ ಮಾಡುತ್ತೀರಿ, ಅದಕ್ಕೇ ಹೀಗೆ ಅಂದ. ಜೋಳದ ಹಿಟ್ಟಿಗೆ ಊರ ಇನ್ನೊಂದು ತುದಿಯ ಹ್ಯಾರೋಗೆ ಹೋಗಬೇಕು, ಎರಡು ರೈಲು ಬದಲಿಸಿ. ಹಿಟ್ಟು ತಂದು ಸುಮಂಗಲಾ ಮೊದಲ ಸಲ ರೊಟ್ಟಿ ಬಡಿಯಲು ಕೂತ ದಿನ ಕೆಳಗಿನ ಮನೆಯವಳು ಕಸಬರಿಗೆಯ ಹಿಡಿಕೆಯಿಂದ ತನ್ನ ಮಾಳಿಗೆಯನ್ನು, ಅಂದರೆ ನಮ್ಮ ನೆಲವನ್ನು, ಬಡಿದಳು. ನಮ್ಮೂರಲ್ಲಿ ಒಂದು ಮನೆಯಿಂದ ರೊಟ್ಟಿ ಬಡಿಯುವ ಸಪ್ಪಳ ಬರದಿದ್ದರೆ ಆಜೂಬಾಜಿನವರು ಯಾರಿಗೆ ಆರಾಮಿಲ್ಲ ಎಂದು ಕೇಳಿಕೊಂಡು ಬರುತ್ತಾರೆ. ಇಲ್ಲಿ ಸಪ್ಪಳ ಬಂತೆಂದು ಕೌನ್ಸಿಲ್ಲಿಗೆ ಪತ್ರ ಬರೆಯುತ್ತಾರೆ. ಅಂದಿನಿಂದ ಸುಮಂಗಲಾ ಟವೆಲ್ಲಿನ ನಾಲ್ಕು ಮಡಿಕೆಯ ಮೇಲೆ ಪರಾತ ಇಟ್ಟುಕೊಂಡು ಕಳ್ಳರ ಹಾಗೆ ರೊಟ್ಟಿ ಬಡಿದಳು. ಆ ರೊಟ್ಟಿಗೆ ರುಚಿಯೂ ಇರುತ್ತಿರಲಿಲ್ಲ.

ಕೀತ್ ಎಂಬ ಮುದುಕ ಅಂಗಡಿಗೆ ಬಂದದ್ದು ಇಂಥ ದಿನಗಳಲ್ಲಿ. ಕಡ್ಡಿಪೆಟ್ಟಿಗೆ ತೆರೆದು ನನ್ನ ಮುಂದೆ ಹಿಡಿದ, ಒಳಗೆ ಚಿಟಿಕೆಯಷ್ಟು ಕೆಂಪು ಮಣ್ಣು. ಇದೇ ಬಣ್ಣ ಬೇಕು ಅಂದ. ಯಂತ್ರದ ಪಟ್ಟಿಯಲ್ಲಿ ಒಂಬತ್ತು ನಮೂನೆಯ ಕೆಂಪು ಇದ್ದವು, ಒಂದೂ ಮಣ್ಣಿನ ಕೆಂಪಲ್ಲ. ನಾನು ಯಂತ್ರ ಬಂದ್ ಮಾಡಿ, ಇಟ್ಟಿಗೆ ಬಣ್ಣಕ್ಕೆ ಹಳದಿ ಸೇರಿಸಿ, ಕಪ್ಪಿನ ಎರಡು ಹನಿ ಬಿಟ್ಟು, ಕಡ್ಡಿಯಿಂದ ಕಲಕಿ ಮುಚ್ಚಳದ ಮೇಲೆ ಬೆರಳಿಂದ ಎಳೆದು ತೋರಿಸಿದೆ. ಅವನು ಬಹಳ ಹೊತ್ತು ನೋಡಿದ.

"ಆಸ್ಟ್ರೇಲಿಯಾಕ್ಕೆ ಹೋಗಿದ್ದೀರಾ?" ಎಂದು ಕೇಳಿದ.

"ಇಲ್ಲ. ನಮ್ಮ ಕಡೆಯೂ ಇಂಥದೇ ಮಣ್ಣು" ಅಂದೆ.

ಕೀತ್ ಹರೆಯದಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ, ಒಳನಾಡಿನ ರೈಲ್ವೆಯಲ್ಲಿ ಹದಿಮೂರು ವರ್ಷ ಗುಮಾಸ್ತನಾಗಿದ್ದು, ತಾಯಿಗೆ ಆರಾಮಿಲ್ಲವೆಂದು ಒಂದು ತಿಂಗಳ ಮಟ್ಟಿಗೆ ಬಂದವನು ಮತ್ತೆ ಹೋಗಲೇ ಇಲ್ಲ. ಮೂವತ್ತು ವರ್ಷ ಕಳೆದಿತ್ತು. ಚರ್ಚಿನ ಹಾಲ್‌ನ ರೈಲಾಟದ ಕ್ಲಬ್ಬಿನವರು ಅವನ ನೆನಪಿನ ಮೇಲೆ ಒಂದು ಆಸ್ಟ್ರೇಲಿಯಾ ಕಟ್ಟುತ್ತಿದ್ದರು. ಹಳಿ, ನಿಲ್ದಾಣ, ಗುಡ್ಡ, ಊರು ಎಲ್ಲ ಕೂಡಿದ ಆ ಹಲಗೆಯ ಪ್ರಪಂಚಕ್ಕೆ ಇಲ್ಲಿಯವರು 'ಲೇಔಟ್' ಎನ್ನುತ್ತಾರೆ. ಇದು ಇಪ್ಪತ್ತು ಅಡಿ ಉದ್ದದ್ದು. ಊರಿಗೆ ಬುಲ್ಲಾಗಾಂಗ್ ಎಂದು ಹೆಸರಿಟ್ಟಿದ್ದರು. ಅಂಥ ಊರು ಭೂಮಿಯ ಮೇಲೆ ಇಲ್ಲ, ಕೀತ್ ಕಟ್ಟಿದ ಹೆಸರು. ನನ್ನ ಕಿವಿಗೆ ಮಾತ್ರ ಅದು ಬೈಲಹೊಂಗಲದ ದಾಯಾದಿಯ ಹಾಗೆ ಕೇಳಿಸಿತು.

ಕೀತ್ ಕರೆದನೆಂದು ನಾನು ಹೋದಾಗ ಆ ಬಯಲೆಲ್ಲ ಹಸಿರು ಬಳಿದುಕೊಂಡು ಕೂತಿತ್ತು. ಇಂಗ್ಲಿಷರ ಕೈಗೆ ಹುಲ್ಲೆಂದರೆ ಹಸಿರೇ. ಕೀತ್ ಒಂದು ಮೂಲೆಯಲ್ಲಿ ಕೂತು, ಇದಲ್ಲ, ಇದಲ್ಲ ಎನ್ನುತ್ತಿದ್ದ, ಯಾವುದು ಎಂದು ಹೇಳಲು ಅವನಿಗೆ ಬರುತ್ತಿರಲಿಲ್ಲ. ನನಗೆ ಅದನ್ನು ನೋಡಿದ ಕೂಡಲೇ ಕೈ ತುರಿಸತೊಡಗಿದವು.

ಅದಕ್ಕೆ ಕಾರಣ ಹೇಳಬೇಕು. ಬೆಳಗಾವಿಯಲ್ಲಿ ದೀಪಾವಳಿ ಬಂದರೆ ಓಣಿ ಓಣಿಯಲ್ಲಿ ಮಣ್ಣಿನ ಕಿಲ್ಲೆ ಕಟ್ಟುತ್ತಾರೆ. ಕಲ್ಲು, ಗೋಣಿಚೀಲ, ಕೆಸರು ಮೆತ್ತಿ ಗುಡ್ಡ ಎಬ್ಬಿಸಿ, ಬುರುಜು ನಿಲ್ಲಿಸಿ, ಸಾಸಿವೆ ಚೆಲ್ಲಿ ಹುಲ್ಲು ಮೊಳೆಸಿ, ಕಡೆಗೆ ಮಹಾದ್ವಾರದ ಮುಂದೆ ಒಂದು ಹಲಗೆ ನೆಡುತ್ತಾರೆ. ಹಲಗೆಯ ಮೇಲೆ ಕಟ್ಟಿದವರ ಹೆಸರು. ಒಂದು ಬುಟ್ಟಿ ಮಣ್ಣು ಹೊತ್ತವನ ಹೆಸರೂ ಅದರಲ್ಲಿರಬೇಕು, ಬಿಟ್ಟರೆ ಅವರ ತಾಯಿ ಜಗಳಕ್ಕೆ ಬರುತ್ತಾಳೆ. ಕಿಲ್ಲೆ ನೋಡಲು ಬಂದವರು ಮೊದಲು ಹಲಗೆ ಓದುತ್ತಾರೆ, ಆಮೇಲೆ ಕೋಟೆ ನೋಡುತ್ತಾರೆ. ಹೆಸರಿಲ್ಲದ ಕಿಲ್ಲೆ ನಮ್ಮಲ್ಲಿ ವಾರಸುದಾರರಿಲ್ಲದ ಹೆಣದ ಸಮ. ನಮ್ಮ ಓಣಿಯ ಹಲಗೆಯಲ್ಲಿ ಎಂಟನೆಯ ವಯಸ್ಸಿನಿಂದ ನನ್ನ ಹೆಸರು ಮೊದಲನೆಯದು.

ಮೂರು ಚಳಿಗಾಲ ನಾನು ಬುಲ್ಲಾಗಾಂಗ್ ಕಟ್ಟಿದೆ, ವಾರಕ್ಕೆರಡು ಸಂಜೆ, ರವಿವಾರ ಇಡೀ ದಿನ. ಹಸಿರನ್ನೆಲ್ಲ ಕೆತ್ತಿ ತೆಗೆದೆ. ತಂತಿ ಜಾಳಿಗೆಯ ಮೇಲೆ ಪ್ಲಾಸ್ಟರು ಬಳಿದು ಬೋಳು ದಿಬ್ಬ ಮಾಡಿದೆ. ಒಣ ಹುಲ್ಲಿಗೆ ಪೂಜೆಯ ಕಾಯಿಯ ನಾರು ಬಿಡಿಸಿ ನೆಟ್ಟೆ. ಉಡುಪಿಯವರ ಹೋಟೆಲಿನ ಪಾರ್ಸೆಲ್ಲು ಬರುವ ಅಲ್ಯುಮಿನಿಯಂ ತಟ್ಟೆಯನ್ನು ಬಾಚಣಿಕೆಯ ಮೇಲಿಟ್ಟು ಉಜ್ಜಿದರೆ ತಗಡಿನ ಮಾಳಿಗೆ. ಅದಕ್ಕೆ ಅರಿಸಿನ, ಕಾಫಿಪುಡಿ ಸವರಿದರೆ ತುಕ್ಕು. ಹೊಸದನ್ನು ಹೀಗೆ ಹಳೆಯದು ಮಾಡುವ ವಿದ್ಯೆಗೆ ಇವರು 'ವೆದರಿಂಗ್' ಎನ್ನುತ್ತಾರೆ. ನಮ್ಮಲ್ಲಿ ಅದನ್ನು ಬಿಸಿಲು, ಮಳೆ ಪುಕ್ಕಟೆ ಮಾಡಿಕೊಡುತ್ತವೆ. ಆ ಸೀಮೆಯಲ್ಲಿ ಸೂರ್ಯ ಉತ್ತರಕ್ಕೆ ವಾಲುತ್ತಾನೆಂದು ಕೀತ್ ಹೇಳಿದ, ನಿಲ್ದಾಣದ ಉತ್ತರದ ಗೋಡೆಯ ಬಣ್ಣ ಮಾಸಿಸಿದೆ. ನೀರಿನ ಟಾಕಿ, ಗೋದಿಯ ಕಣಜ, ಒಂಟಿ ಬೆಂಚು. ಪ್ಲಾಟ್‌ಫಾರ್ಮಿನ ಮೇಲೆ ನಾನು ನಿಲ್ಲಿಸಿದ ಮೂವತ್ತು ಗೊಂಬೆಗಳನ್ನು ಕೀತ್ ಒಂದೊಂದಾಗಿ ತೆಗೆದು ಒಂದೇ ಒಂದನ್ನು ಉಳಿಸಿದ. "ಇಷ್ಟು ಜನ ಆ ಇಡೀ ಜಿಲ್ಲೆಯಲ್ಲಿ ಇರಲಿಲ್ಲ ಬ್ಯಾರಿ" ಅಂದ. ಒಂಟಿ ಗೊಂಬೆಯ ಆ ನಿಲ್ದಾಣ ನೋಡಿ ನನಗೆ ಕ್ರೋಯ್ಡನ್ನೇ ನೆನಪಾಯಿತು.

ಕಡೆಗೆ ಮರಗಳು. ಆಸ್ಟ್ರೇಲಿಯಾದ 'ಗಮ್' ಮರವೆಂದರೆ ಮತ್ತೇನಲ್ಲ, ನಮ್ಮ ನೀಲಗಿರಿ. ಬೆಳಗಾವಿಯಿಂದ ಧಾರವಾಡಕ್ಕೆ ಬಸ್ಸಿನಲ್ಲಿ ಎಷ್ಟು ನೋಡಿಲ್ಲ. ತಾಮ್ರದ ತಂತಿ ಹೊಸೆದು ಇಪ್ಪತ್ತೆರಡು ಮರ ಮಾಡಿ ನಿಲ್ದಾಣದ ರಸ್ತೆಯ ಎರಡೂ ಬದಿಗೆ ನೆಟ್ಟೆ. ನೆಟ್ಟ ಮೇಲೆ, ಯಾರನ್ನೂ ಕೇಳದೆ, ಏನೂ ಯೋಚಿಸದೆ, ಪ್ರತಿ ಮರದ ಬುಡಕ್ಕೆ ಸುಣ್ಣದ ಪಟ್ಟಿ, ನಡುವೆ ಒಂದು ಕೆಮ್ಮಣ್ಣಿನ ಪಟ್ಟಿ ಎಳೆದೆ. ನಮ್ಮಲ್ಲಿ ರಸ್ತೆಬದಿಯ ಮರ ಎಂದರೆ ಹಾಗೇ. ರಾತ್ರಿ ಲಾರಿ ಹೊಡೆಯುವವರಿಗೆ ಕಾಣಲೆಂದು ಸರಕಾರದವರು ಬಳಿಯುತ್ತಾರೆ. ಹುಟ್ಟಿದಾಗಿನಿಂದ ನೋಡಿ ನೋಡಿ ನನ್ನ ಕಣ್ಣಿಗೆ ಅದು ಬಣ್ಣ ಎಂದೇ ಅನ್ನಿಸುವುದಿಲ್ಲ, ಮರದ ತೊಗಟೆಯೇ ಅನ್ನಿಸುತ್ತದೆ. ಪಟ್ಟಿಯಿಲ್ಲದ ಮರ ರಸ್ತೆಗೆ ಬರಬಾರದು, ಬಂದರೆ ಬತ್ತಲೆ ಬಂದಂತೆ.

ಕೀತ್ ನೋಡಿದ, ಏನೂ ಅನ್ನಲಿಲ್ಲ. ಕ್ಲಬ್ಬಿನ ಕಾರ್ಯದರ್ಶಿ ಜೆಫ್ ನೋಡಿ ಹಿಗ್ಗಿದ. ಜೆಫ್ ನಿವೃತ್ತ ಬ್ಯಾಂಕ್ ಮ್ಯಾನೇಜರು. ಆಸ್ಟ್ರೇಲಿಯಾದ ಇಂಜಿನ್ನುಗಳ ನಂಬರು ಅವನಿಗೆ ಬಾಯಿಪಾಠ, ಆ ನೆಲದ ಮೇಲೆ ಕಾಲಿಟ್ಟವನಲ್ಲ. ಕ್ಲಬ್ಬಿನ ತಿಂಗಳ ಪತ್ರಿಕೆಯಲ್ಲಿ, ಒಳನಾಡಿನ ಮರಗಳ ಸಾಂಪ್ರದಾಯಿಕ ಗುರುತುಗಳನ್ನು ಎಷ್ಟು ಸೂಕ್ಷ್ಮವಾಗಿ ತೋರಿಸಿದ್ದೇವೆ ಎಂದು ಬರೆದ. ತೋರಿಸಿದ್ದೇವೆ, ಬಹುವಚನ. ಅಲ್ಲಿ ನನ್ನ ಮೂಗು ಚುರುಕಾಗಬೇಕಿತ್ತು.

ಕ್ರೋಯ್ಡನ್ನಿನ ದೊಡ್ಡ ಸಭಾಗೃಹದಲ್ಲಿ ಪ್ರದರ್ಶನ ಗೊತ್ತಾಯಿತು. ಪ್ರತಿ ಲೇಔಟಿನ ಮುಂದೆ ಒಂದು ಫಲಕ ಇಡುತ್ತಾರೆ: ಊರು ಯಾವುದು, ಕಾಲ ಯಾವುದು, ಹಳಿ ಹಾಕಿದವರು, ವಿದ್ಯುತ್ತು ನೋಡಿದವರು, ದೃಶ್ಯ ಕಟ್ಟಿದವರು. ನನಗೆ ಬೇಕಾಗಿದ್ದುದು ಆ ಕಡೆಯ ಸಾಲು, ಮತ್ತೇನೂ ಅಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅದಕ್ಕಾಗಿ ನಾನು ಹಸಿದಿದ್ದೆ. ಅಂಗಡಿಯಲ್ಲಿ ಬ್ಯಾರಿ, ಪಾಸ್‌ಪೋರ್ಟಿನಲ್ಲಿ ಹೆಂಡತಿಯ ಅವಲಂಬಿತ, ವಿದ್ಯಾಳ ಶಾಲೆಯಲ್ಲಿ ವಿದ್ಯಾಳ ಡ್ಯಾಡ್. ಈ ಊರಲ್ಲಿ ಒಂದು ಕಡೆಯಾದರೂ ಬಸವಣ್ಣೆಪ್ಪ ಎಂದು ಬರೆದದ್ದನ್ನು ನನ್ನ ಮಗಳು ಓದಬೇಕಿತ್ತು. ಪ್ರದರ್ಶನಕ್ಕೆ ವಾರ ಮುಂಚೆ ಜೆಫ್‌ನನ್ನು ಕೇಳಿದೆ.

"ಫಲಕದಲ್ಲಿ ಸದಸ್ಯರ ಹೆಸರಷ್ಟೇ ಹಾಕುವುದು ಪದ್ಧತಿ ಬ್ಯಾರಿ" ಅಂದ. "ನಿನ್ನ ಅರ್ಜಿ ಇನ್ನೂ ಸಮಿತಿಯ ಮುಂದಿದೆ."

ಅರ್ಜಿ ತುಂಬಿ ಕೊಟ್ಟು ಮೂರು ಚಳಿಗಾಲ ಆಗಿತ್ತು. ಕೀತ್ ನನ್ನ ಹೆಸರು ಸೂಚಿಸಿದ್ದ. ಅನುಮೋದಿಸಲು ಉಳಿದ ಐವರಲ್ಲಿ ಒಬ್ಬನ ಕೈಯೂ ಎದ್ದಿರಲಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುವುದು ನಮ್ಮ ಗುಡಿಗಳ ಮಾತಷ್ಟೇ ಅಂದುಕೊಂಡಿದ್ದೆ.

ಪ್ರದರ್ಶನದ ದಿನ ಸುಮಂಗಲಾ ಇಳಕಲ್ ಸೀರೆ ಉಟ್ಟು, ಮೇಲೆ ಕೋಟು ಹಾಕಿಕೊಂಡು ಬಂದಳು. ವಿದ್ಯಾಳಿಗೆ ಆಗ ಹದಿಮೂರು. ಅವಳು ಕನ್ನಡ ತಿಳಿಯುತ್ತಾಳೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ ಕೊಡುತ್ತಾಳೆ. ಬಂದವಳೇ ಫಲಕ ಓದಿದಳು. ದೃಶ್ಯ: ಕ್ಲಬ್ ಸದಸ್ಯರು.

"ಇದರಲ್ಲಿ ನೀನೆಲ್ಲಿದ್ದೀಯ?" ಎಂದು ಕೇಳಿದಳು.

"ಜಾಗಾ ಸಾಲಲಿಲ್ಲವ್ವಾ" ಅಂದೆ. ಜಾಗ ಗೇಣುದ್ದ ಖಾಲಿ ಇತ್ತು. ಅವಳಿಗೂ ಅದು ಕಾಣುತ್ತಿತ್ತು.

ಮಧ್ಯಾಹ್ನದವರೆಗೆ ನಮ್ಮ ಲೇಔಟಿನ ಮುಂದೆ ಜನ ಕಡಿಮೆಯಾಗಲಿಲ್ಲ. ಇಷ್ಟು ಬಿಸಿಲನ್ನು ಎಲ್ಲಿಂದ ತಂದಿರಿ ಎಂದು ಒಬ್ಬ ಕೇಳಿದ. ಜೆಫ್ ಕೈ ಕಟ್ಟಿ ನಿಂತು, "ನಮ್ಮ ಸದಸ್ಯರ ಶ್ರಮ" ಎನ್ನುತ್ತಿದ್ದ. ನಾನು ಅವನ ಹಿಂದೆ ಎರಡು ಹೆಜ್ಜೆ ದೂರದಲ್ಲಿ ಚಹದ ಕಪ್ಪು ಹಿಡಿದು ನಿಂತಿದ್ದೆ. ಆಗ ಒಬ್ಬ ವಯಸ್ಸಾದ ಹೆಂಗಸು ಬಂದಳು. ಅವಳ ಅಪ್ಪ ಆಸ್ಟ್ರೇಲಿಯಾದ ಒಳನಾಡಿನಲ್ಲಿ ಸ್ಟೇಷನ್ ಮಾಸ್ತರನಾಗಿದ್ದನಂತೆ. ಬಗ್ಗಿ ನೋಡಿದವಳ ಕಣ್ಣು ತುಂಬಿಬಂದವು. ತಗಡಿನ ಮಾಳಿಗೆ, ಹುಲ್ಲು, ಮಣ್ಣು ಒಂದೊಂದನ್ನೂ ಬೆರಳಿಟ್ಟು ತೋರಿಸಿ, ಹೀಗೇ ಇತ್ತು, ಹೀಗೇ ಇತ್ತು ಅಂದಳು. ಆಮೇಲೆ ನಕ್ಕು, "ಅದೆಲ್ಲ ಸರಿ, ಮರಗಳು ಕಾಲುಚೀಲ ಯಾಕೆ ಹಾಕಿಕೊಂಡಿವೆ?" ಎಂದು ಕೇಳಿದಳು. ಅಂಥ ಬಣ್ಣ ಆ ದೇಶದ ಯಾವ ಮರಕ್ಕೂ ಇಲ್ಲವಂತೆ.

ಸುತ್ತಲಿನವರು ನಕ್ಕರು. ಜೆಫ್‌ನ ಕಿವಿ ಕೆಂಪಾದವು. ಅವನು ತಿರುಗಿ, ನನ್ನತ್ತ ಕೈ ಚಾಚಿ ಹೇಳಿದ: "ಅದು ನಮ್ಮ ಕೆಲಸವಲ್ಲ. ಅದು ಬಸವಣ್ಣೆಪ್ಪ ಮಾಡಿದ್ದು."

ಪೂರ್ತಿ ಹೆಸರು. ಒಂದಕ್ಷರ ತಪ್ಪಲಿಲ್ಲ, ಒತ್ತು ಕೂಡ ಸರಿಯಾಗಿ ಬಿತ್ತು. ಅಂದರೆ ಮೂರು ವರ್ಷವೂ ಅವನಿಗೆ ನನ್ನ ಹೆಸರು ಗೊತ್ತಿತ್ತು. ಮಣ್ಣು, ಮಾಳಿಗೆ, ಹುಲ್ಲು ಸದಸ್ಯರದು, ತಪ್ಪು ಬಸವಣ್ಣೆಪ್ಪನದು. ಆ ಹೆಂಗಸು ಪಾಪ, ಚೆಂದಾಗೇ ಇದೆ, ಇರಲಿ ಬಿಡಿ ಅಂದಳು. ವಿದ್ಯಾ ನೆಲ ನೋಡುತ್ತ ನಿಂತಿದ್ದಳು. ನನ್ನ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು.

ಬಸ್ಸಿನಲ್ಲಿ ಮನೆಗೆ ಬರುವಾಗ ಸುಮಂಗಲಾ, "ಆ ಮನಷ್ಯಾನ ಬಾಯಾಗ ನಿಮ್ಮ ಹೆಸರು ಪೂರ್ತಿ ಬಂತಲ್ರಿ, ಅಷ್ಟರ ಆತು ತಗೋರಿ" ಅಂದಳು. ನಗಿಸಲೆಂದೇ ಅಂದದ್ದು. ನಾನು ಮೋತಿ ತಿರುವಿಕೊಂಡು ಕೂತೆ.

ಮರುವಾರ ಕೀತ್‌ನ ಮನೆಗೆ ಹೋದೆ. ಸಿಟ್ಟು ಅವನ ಮೇಲೂ ಇತ್ತು. ಆ ದೇಶದ ಮರ ಕಣ್ಣಾರೆ ನೋಡಿದವನು ಕ್ಲಬ್ಬಿನಲ್ಲಿ ಅವನೊಬ್ಬನೇ, ಅಂದೇ ಒಂದು ಮಾತು ಹೇಳಿದ್ದರೆ ಇಷ್ಟಾಗುತ್ತಿರಲಿಲ್ಲ. ಯಾಕೆ ಹೇಳಲಿಲ್ಲ ಎಂದು ನೇರವಾಗಿಯೇ ಕೇಳಿದೆ. ಅವನು ಚಹದಲ್ಲಿ ಚಮಚ ತಿರುಗಿಸುತ್ತ ಕೂತ.

"ನೋಡಿದ ಕೂಡಲೇ ಇದಿರಲಿಲ್ಲ ಅನ್ನಿಸಿತು" ಅಂದ. "ಆದರೆ ನೀನು ಅಷ್ಟು ಗಟ್ಟಿಯಾಗಿ ಬಳಿದಿದ್ದೆ. ಇಪ್ಪತ್ತೆರಡಕ್ಕೂ ಬಳಿದಿದ್ದೆ. ಇತ್ತೇನೋ, ನಾನೇ ಮರೆತೆನೇನೋ ಅಂದುಕೊಂಡೆ. ಕೇಳಿದರೆ ನಾನು ಮರೆತದ್ದು ಎಲ್ಲರಿಗೂ ಗೊತ್ತಾಗುತ್ತಿತ್ತು."

ಸಿಟ್ಟೆಲ್ಲ ಇಳಿಯಿತು, ಅದರ ಜಾಗಕ್ಕೆ ಹೆದರಿಕೆ ಬಂದು ಕೂತಿತು. ಇವನ ಊರಿನ ಮರಗಳಿಗೆ ನಾನು ಬಣ್ಣ ಬಳಿದೆ, ಇವನು ಅದನ್ನು ನೆನಪೆಂದು ಒಪ್ಪಿಕೊಂಡ. ಮೂವತ್ತು ವರ್ಷ ಇಲ್ಲಿ ಕಳೆದ ಮೇಲೆ ನನಗೂ ಯಾರಾದರೂ ಬಂದು ಬೆಳಗಾವಿ ಹೀಗಿತ್ತು ಎಂದರೆ ನಾನೂ ಹೂಂ ಎನ್ನುತ್ತೇನೆ. ಈಗಲೇ ನಮ್ಮ ಓಣಿಯ ಬಾವಿ ಎಡಕ್ಕೋ ಬಲಕ್ಕೋ ಎಂದು ತಮ್ಮನಿಗೆ ಫೋನು ಮಾಡಿ ಕೇಳುವ ಹಾಗಾಗಿದೆ.

ತಿಂಗಳ ಮೇಲೆ ಜೆಫ್ ಅಂಗಡಿಗೇ ಬಂದ. ಹ್ಯಾರೋದ ಶಾಲೆಯೊಂದರಲ್ಲಿ ಮತ್ತೊಂದು ಪ್ರದರ್ಶನ ಇದೆ, ಅಷ್ಟರೊಳಗೆ ಮರಗಳನ್ನು ಸರಿಮಾಡು, ನಿನ್ನ ಅರ್ಜಿಯನ್ನು ನಾನೇ ಅನುಮೋದಿಸುತ್ತೇನೆ, ಫಲಕದಲ್ಲಿ ನಿನ್ನ ಹೆಸರು ಪೂರ್ತಿ ಇರುತ್ತದೆ ಅಂದ. ಕ್ಷಮಿಸು ಎನ್ನಲಿಲ್ಲ. ಇಂಜಿನ್ನು ಎರಡು ನಿಮಿಷ ತಡವಾದರೆ ಕ್ಷಮೆ ಕೇಳುವ ಮಂದಿ ಇವರು.

ಮನೆಯಲ್ಲಿ ಹೇಳಿದೆ. ಸುಮಂಗಲಾ ಡ್ಯೂಟಿಗೆ ಹೊರಟು ಬೂಟಿನ ಲಾಡಿ ಕಟ್ಟುತ್ತಿದ್ದಳು.

"ಹೆಸರು ಬೇಕನಸಿದ್ರ ಹೋಗಿ ಬಣ್ಣ ಅಳಸರಿ. ಬ್ಯಾಡನಸಿದ್ರ ಬಿಡ್ರಿ. ಎರಡೂ ಬಿಟ್ಟು ಗ್ವಾಡಿ ನೋಡ್ಕೋತ ಕುಂದರಬ್ಯಾಡ್ರಿ. ನನಗ ಆಸ್ಪತ್ರ್ಯಾಗ ಪೇಶಂಟ್ ಸಾಕಾಗ್ಯಾರ" ಅಂದಳು.

ನಾನು ಹೋದೆ. ನೀವು ಊರಲ್ಲಿ ಕೂತು ಓದುವವರು, ಅವನ ಮುಖಕ್ಕೆ ಉಗುಳಿ ಬರಬೇಕಿತ್ತು ಅನ್ನುತ್ತೀರಿ. ಅಲ್ಲಿದ್ದಾಗ ನಾನೂ ಹಾಗೇ ಅನ್ನುತ್ತಿದ್ದೆ. ರವಿವಾರ ಮುಂಜಾನೆ ಚರ್ಚಿನ ಹಾಲ್‌ನ ಬೀಗ ತೆಗೆಸಿ, ಬೂದುಬಣ್ಣ ಕಲಸಿಕೊಂಡು, ಸ್ಟೂಲಿನ ಮೇಲೆ ಕೂತು ಒಂದೊಂದೇ ಮರದ ಪಟ್ಟಿ ಅಳಿಸಿದೆ. ಸುಣ್ಣ ಒಂದೇ ಕೈಗೆ ಮುಚ್ಚಿಕೊಂಡಿತು. ಕೆಮ್ಮಣ್ಣು ಎರಡು ಕೈ ತಿಂದಿತು. ಇಪ್ಪತ್ತೆರಡನೆಯದು ಮುಗಿಸಿ ಎದ್ದು ನೋಡಿದರೆ ರಸ್ತೆ ಅಚ್ಚ ಆಸ್ಟ್ರೇಲಿಯಾದ್ದಾಗಿತ್ತು. ನನಗೆ ನನ್ನ ಮೇಲೆಯೇ ಹೇಸಿಗೆಯಾಯಿತು. ಕೆಲಸ ಚೆನ್ನಾಗಿ ಆಗಿದೆಯಲ್ಲ ಎಂದು ಒಳಗೊಳಗೆ ಖುಷಿಯೂ ಆಯಿತು, ಅದಕ್ಕೆ ಇನ್ನಷ್ಟು ಹೇಸಿಗೆಯಾಯಿತು.

ಹ್ಯಾರೋದ ಫಲಕದಲ್ಲಿ ಹೆಸರು ಬಂತು. ದೃಶ್ಯ ಮತ್ತು ನಿಲ್ದಾಣ: ಬಸವಣ್ಣೆಪ್ಪ. ಮನೆತನದ ಹೆಸರೂ ಇತ್ತು. ವಿದ್ಯಾ ಅದರ ಪಕ್ಕ ನನ್ನನ್ನು ನಿಲ್ಲಿಸಿ ಫೋಟೋ ತೆಗೆದಳು. ಕೀತ್‌ಗೆ ಮೊಣಕಾಲು ನೋವಿನಿಂದ ಬರಲಾಗಿರಲಿಲ್ಲ. ಹೀಗಾಗಿ ಆಸ್ಟ್ರೇಲಿಯಾ ಕುರಿತು ಕೇಳುವವರನ್ನೆಲ್ಲ ಜೆಫ್ ನನ್ನ ಕಡೆಗೇ ಕಳಿಸುತ್ತಿದ್ದ, ಮತ್ತು ನಾನು ಉತ್ತರ ಕೊಡುತ್ತಿದ್ದೆ: ಸೂರ್ಯ ಉತ್ತರಕ್ಕೆ, ಜನ ಕಡಿಮೆ, ಹುಲ್ಲು ಹಸಿರಲ್ಲ. ಕಾಣದ ದೇಶದ ಬಗ್ಗೆ ನನಗೆ ಇಷ್ಟೆಲ್ಲ ಗೊತ್ತಿತ್ತು. ಕ್ಯಾಮರಾ ಕೊರಳಿಗೆ ಹಾಕಿಕೊಂಡ ಒಬ್ಬ ನಡುವಯಸ್ಸಿನವನು ಬಹಳ ಹೊತ್ತು ನೋಡಿ, ಫಲಕ ಓದಿ, ಫಲಕದಲ್ಲಿರುವವರು ನೀವೇ ಏನು ಎಂದು ಕೇಳಿದ. ಹೌದು ಅಂದೆ.

"ಅಲ್ಲೇ ಬದುಕಿದವರಿಗಷ್ಟೇ ಹೀಗೆ ಮಾಡಲು ಬರುತ್ತದೆ. ಅಲ್ಲಿ ನೀವು ಯಾವ ಊರಿನಲ್ಲಿದ್ದಿರಿ?" ಎಂದು ಕೇಳಿದ.

ನಾನು ಬೆಳಗಾವಿ ಎನ್ನಲು ಬಾಯಿ ತೆರೆದೆ.

"ಬುಲ್ಲಾಗಾಂಗ್" ಅಂದೆ.

ಅವನು ತಲೆಯಾಡಿಸಿದ. "ಹೌದಾ. ಒಂದು ಸಲ ಅದರ ಪಕ್ಕದಲ್ಲೇ ಹಾದು ಹೋಗಿದ್ದೆ. ಚೆಂದದ ಊರು" ಅಂದು ಇನ್ನೊಂದು ಫೋಟೋ ತೆಗೆದುಕೊಂಡು ಮುಂದೆ ಹೋದ.

ವಿದ್ಯಾ ನನ್ನ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಬೆಳಗಾವಿ ಅಂತ ಯಾಕೆ ಹೇಳಲಿಲ್ಲ ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

"ಬೆಳಗಾವಿ ಅಂದಿದ್ರ ಅದೆಲ್ಲೈತಿ ಅಂತ ಕೇಳ್ತಿದ್ದ ವಿದ್ಯಾ" ಅಂದೆ. "ಇದಕ್ಕ ಕೇಳಲಿಲ್ಲ ನೋಡು."